ಪ್ರತಿಕಾಯದ ಸಾಕ್ಷಿ



ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಿಂದ ಮಾತು ಶುರುಮಾಡುತ್ತೇನೆ. ಅಲ್ಲಿನ ಎಆರ್‌ಟಿ ಕೇಂದ್ರಕ್ಕೆ ಎಚ್‌ಐವಿ ಔಷಧಿಗಾಗಿ ಬರುವವರಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಇದ್ದಾರೆ. ಆದರೂ ಜೀವವಿಜ್ಞಾನದ ಒಂದು ಪಾರಿಭಾಷಿಕ ಪದ ಅವರ ನಾಲಿಗೆಯ ಮೇಲೆ ಸಲೀಸಾಗಿ ಓಡಾಡುತ್ತದೆ. "ಸಿಡಿ ಫೋರ್ ಎಷ್ಟು ಬಂತು?" ಕನ್ನಡದಲ್ಲಿ ಕೇಳಲಿ, ತಮಿಳಿನಲ್ಲಿ ಕೇಳಲಿ, ಉರ್ದುವಿನಲ್ಲಿ ಕೇಳಲಿ, ಆ ಹೆಸರು ಮಾತ್ರ ಬದಲಾಗುವುದಿಲ್ಲ. 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿದಾಗ, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಿಡಿ4 ಕಣಗಳು 200ಕ್ಕಿಂತ ಕೆಳಗಿಳಿದವರಿಗೆ ಔಷಧಿ ಎಂಬ ಲೆಕ್ಕವಿತ್ತು. ಆಮೇಲೆ ಆ ಗೆರೆ ಹಂತಹಂತವಾಗಿ ಮೇಲೇರಿ, 2017ರಲ್ಲಿ, ಸಂಖ್ಯೆ ಎಷ್ಟೇ ಇರಲಿ, ಸೋಂಕಿದ್ದವರೆಲ್ಲರಿಗೂ ಔಷಧಿ ಎಂದಾಯಿತು. ಅಲ್ಲಿಯವರೆಗೆ ಆ ಒಂದು ಸಂಖ್ಯೆಗಾಗಿ ಎಷ್ಟೋ ಮಂದಿ ಉಸಿರು ಬಿಗಿಹಿಡಿದು ಕಾದಿದ್ದಾರೆ.

ಆ ಸಂಖ್ಯೆ ಬರುವುದು ಹೇಗೆ? ಸಿಡಿ4 ಒಂದು ಮಾನವ ಪ್ರೋಟೀನು. ನಮ್ಮ ಕೆಲವು ಬಿಳಿ ರಕ್ತಕಣಗಳ ಮೈಮೇಲೆ ನಿಂತಿರುತ್ತದೆ. ಎಚ್‌ಐವಿ ಒಳನುಗ್ಗಲು ಇದನ್ನೇ ಬಾಗಿಲು ಮಾಡಿಕೊಳ್ಳುತ್ತದೆ ಎಂದು 1984ರಲ್ಲಿ ತಿಳಿದುಬಂತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲಿಂಫೋಸೈಟು ಎಂಬ ಬಿಳಿಕಣಗಳಲ್ಲಿ ಸಿಡಿ4 ಇರುವುದು, ಸಿಡಿ8 ಎಂಬ ಇನ್ನೊಂದು ಪ್ರೋಟೀನು ಇರುವುದು ಎರಡೂ ಒಂದೇ ಥರ. ಕಣ್ಣಿಗೆ ಭೇದ ಸಿಗುವುದಿಲ್ಲ. ಭೇದ ಗೊತ್ತಿರುವುದು ಪ್ರತಿಕಾಯಕ್ಕೆ, ಅಂದರೆ ಆಂಟಿಬಾಡಿಗೆ. ಸಿಡಿ4ಕ್ಕೆ ಮಾತ್ರ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ರಕ್ತದೊಳಗೆ ಬಿಡುತ್ತಾರೆ. ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಕಣಗಳು ಒಂದರ ಹಿಂದೊಂದು ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತವೆ. ಹೊಳೆದವುಗಳನ್ನು ಯಂತ್ರ ಎಣಿಸುತ್ತದೆ.

ಇಂಥ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ತೋರಿಸಿಕೊಟ್ಟರು. ಇಲಿಯ ಗುಲ್ಮದ ಪ್ರತಿಕಾಯ ಉತ್ಪಾದಿಸುವ ಕಣವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕಣದೊಂದಿಗೆ ಬೆಸೆದರು. ಬೆಸೆದ ಕಣ ಒಂದೇ ಬಗೆಯ ಪ್ರತಿಕಾಯವನ್ನು ವರ್ಷಗಟ್ಟಲೆ ಸುರಿಸುತ್ತದೆ. 1984ರಲ್ಲಿ ಅವರಿಗೆ ನೊಬೆಲ್ ಬಂತು. ಈ ಕಥೆ ಪಠ್ಯಪುಸ್ತಕಗಳಲ್ಲಿದೆ. ನಾನು ಇಲ್ಲಿ ನಿಲ್ಲುವುದಿಲ್ಲ.

ನಾನು ನಿಲ್ಲಬೇಕಾದದ್ದು "ಅಂಟುತ್ತದೆ" ಎಂಬ ಮಾತಿನ ಹತ್ತಿರ. ಪ್ರತಿಕಾಯ ಪ್ರೋಟೀನನ್ನು ಪೂರ್ತಿ ನೋಡುವುದಿಲ್ಲ. ನೂರಾರು ಅಮೈನೋ ಆಮ್ಲಗಳ ಸರದಲ್ಲಿ ಐದರಿಂದ ಇಪ್ಪತ್ತರಷ್ಟನ್ನು ಮಾತ್ರ ಮುಟ್ಟಿ ಗುರುತು ಹಿಡಿಯುತ್ತದೆ. ಶಿವಾಜಿನಗರದ ಬಸ್ ನಿಲ್ದಾಣಕ್ಕೆ ಊರಿಂದ ಅತ್ತೆ ಬರುತ್ತಾರೆ ಎಂದಿಟ್ಟುಕೊಳ್ಳಿ. ಅವರನ್ನು ಎಂದೂ ನೋಡದ ಪಕ್ಕದ ಮನೆ ಹುಡುಗನಿಗೆ ನೀವು ಹೇಳುತ್ತೀರಿ: "ಹಳದಿ ಶಾಲು ಹೊದ್ದಿರ್ತಾರೆ, ಕರ್ಕೊಂಡು ಬಾರಪ್ಪ." ಹುಡುಗ ಪ್ರಾಮಾಣಿಕ. ಹಳದಿ ಶಾಲಿನ ಒಬ್ಬರನ್ನು ಕರೆತಂದೇ ತರುತ್ತಾನೆ. ಅವರು ನಿಮ್ಮ ಅತ್ತೆಯೇ ಎಂದು ಅವನು ಹೇಳಲಾರ. ಅತ್ತೆ ಶಾಲನ್ನು ಮಡಚಿ ಚೀಲದಲ್ಲಿಟ್ಟಿದ್ದರೆ, ಎದುರಿಗೇ ನಿಂತಿದ್ದರೂ ಬರಿಗೈಲಿ ಮರಳುತ್ತಾನೆ. ಫಾರ್ಮಲಿನ್‌ನಲ್ಲಿ ನೆನೆದ ಅಂಗಾಂಶದಲ್ಲಿ ಪ್ರೋಟೀನಿನ ಆಕಾರ ಬದಲಾದಾಗ ಆಗುವುದು ಇದೇ. ಒಂದು ವಿಧಾನದಲ್ಲಿ ಚೆನ್ನಾಗಿ ದುಡಿಯುವ ಪ್ರತಿಕಾಯ ಇನ್ನೊಂದರಲ್ಲಿ ಕೈಕೊಡುತ್ತದೆ.

ಹುಡುಗನನ್ನು ಪರೀಕ್ಷಿಸುವ ದಾರಿ ಒಂದಿದೆ. ಅತ್ತೆ ಬಾರದ ದಿನವೂ ಅವನನ್ನು ನಿಲ್ದಾಣಕ್ಕೆ ಕಳಿಸಬೇಕು. ಆ ದಿನವೂ ಯಾರನ್ನಾದರೂ ಕರೆತಂದರೆ ಅವನ ಗುರುತು ಸಾಲದು. ಪ್ರಯೋಗಾಲಯದಲ್ಲಿ ಇದಕ್ಕೆ ಕಂಟ್ರೋಲ್ ಎನ್ನುತ್ತೇವೆ. ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಜೀವಕೋಶದ ಮೇಲೆ ಪ್ರತಿಕಾಯವನ್ನು ಹಾಕಿ ನೋಡುತ್ತೇವೆ. ಅಲ್ಲಿ ಬಣ್ಣ ಮೂಡಕೂಡದು.

ಸಿಡಿ4 ಎಂಬ ಹೆಸರು ಹುಟ್ಟಿದ್ದೇ ಪ್ರತಿಕಾಯಗಳನ್ನು ಒಂದರೆದುರು ಒಂದನ್ನಿಟ್ಟು ಪರೀಕ್ಷಿಸಿದ್ದರಿಂದ. ಎಪ್ಪತ್ತರ ದಶಕದ ಕೊನೆಯಿಂದ ಬೇರೆಬೇರೆ ಪ್ರಯೋಗಾಲಯಗಳು ಬಿಳಿ ರಕ್ತಕಣಗಳ ಮೇಲೆ ಹಲವಾರು ಪ್ರತಿಕಾಯಗಳನ್ನು ತಯಾರಿಸಿ, ತಮತಮಗೆ ತೋಚಿದ ಹೆಸರಿಟ್ಟಿದ್ದವು. ಒಬ್ಬರದು ಓಕೆಟಿ4, ಇನ್ನೊಬ್ಬರದು ಲ್ಯೂ3. ಎರಡೂ ಹಿಡಿಯುತ್ತಿದ್ದದ್ದು ಒಂದೇ ಪ್ರೋಟೀನನ್ನು. 1982ರಲ್ಲಿ ಪ್ಯಾರಿಸ್‌ನಲ್ಲಿ ಎಲ್ಲರೂ ಸೇರಿ ತಮ್ಮ ಪ್ರತಿಕಾಯಗಳನ್ನು ಹೋಲಿಸಿ ನೋಡಿದರು. ಒಂದೇ ಬಗೆಯ ಕಣಗಳ ಗುಂಪನ್ನು ಹಿಡಿದ ಪ್ರತಿಕಾಯಗಳೆಲ್ಲ ಒಂದು ರಾಶಿಗೆ ಬಿದ್ದವು, ಆ ರಾಶಿಗೆ ಒಂದು ಸಂಖ್ಯೆ ಸಿಕ್ಕಿತು. ಸಿಡಿಯಲ್ಲಿನ 'ಸಿ' ಎಂದರೆ ಆ ರಾಶಿ, ಕ್ಲಸ್ಟರ್. ಬೌರಿಂಗ್‌ನ ಸರದಿಯಲ್ಲಿ ನಿಂತ ತಾಯಿ ಉಚ್ಚರಿಸುವ ಪದದೊಳಗೆ ಹತ್ತಾರು ಪ್ರಯೋಗಾಲಯಗಳು ತಮ್ಮ ಸಾಕ್ಷಿಯನ್ನು ಪರರ ಎದುರು ಒರೆಗೆ ಹಚ್ಚಿದ ಚರಿತ್ರೆಯಿದೆ. ನನಗೆ ಇದನ್ನು ನೆನೆದಾಗಲೆಲ್ಲ ಮೈ ಜುಂ ಎನ್ನುತ್ತದೆ.

ಅಷ್ಟಾದರೂ ಎಚ್ಚರ ತಪ್ಪುವಂತಿಲ್ಲ. ಮಾನೋಸೈಟ್ ಎಂಬ ಇನ್ನೊಂದು ಬಿಳಿಕಣದ ಮೈಮೇಲೂ ಸಿಡಿ4 ಇದೆ, ಪ್ರಮಾಣ ಕಡಿಮೆ. ಪ್ರತಿಕಾಯ ಅದಕ್ಕೂ ಅಂಟುತ್ತದೆ, ಅದು ತಪ್ಪೂ ಅಲ್ಲ. ಆದರೆ ಅದನ್ನೂ ಎಣಿಸಿಬಿಟ್ಟರೆ ರೋಗಿಯ ಸಂಖ್ಯೆ ಸುಳ್ಳಾಗಿ ಏರುತ್ತದೆ. ಅದಕ್ಕೇ ಎಣಿಸಬೇಕಾದ ಲಿಂಫೋಸೈಟುಗಳಲ್ಲಿ, ಅಂದರೆ ಟಿ ಕಣಗಳಲ್ಲಿ, ಮಾತ್ರ ಇರುವ ಸಿಡಿ3 ಎಂಬ ಪ್ರೋಟೀನಿಗೆ ಬೇರೆ ಬಣ್ಣದ ಎರಡನೇ ಪ್ರತಿಕಾಯ ಹಾಕುತ್ತಾರೆ. ಎರಡೂ ಬಣ್ಣ ಹೊತ್ತ ಕಣ ಮಾತ್ರ ಲೆಕ್ಕಕ್ಕೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಸಂಶೋಧನೆಗೆ ಸೇರಿದ ಹೊಸತರಲ್ಲಿ ಮಾನವ ಅಂಗಾಂಶದಲ್ಲಿ ಒಂದು ಪ್ರೋಟೀನನ್ನು ಹುಡುಕುತ್ತಿದ್ದೆ. ವೆಸ್ಟರ್ನ್ ಬ್ಲಾಟ್ ವಿಧಾನ. ಪ್ರೋಟೀನುಗಳನ್ನು ತೂಕದ ಪ್ರಕಾರ ಜೆಲ್‌ನಲ್ಲಿ ಬಿಡಿಸಿ, ಪೊರೆಯ ಮೇಲೆ ಇಳಿಸಿ, ಮೊಲದಿಂದ ಪಡೆದ ಪ್ರತಿಕಾಯ ಹಾಕುವುದು, ಅದನ್ನು ತೋರಿಸಲು ಬಣ್ಣ ಕಟ್ಟಿದ ಎರಡನೆಯ ಪ್ರತಿಕಾಯ ಹಾಕುವುದು. ನಾನು ಹುಡುಕುತ್ತಿದ್ದ ಪ್ರೋಟೀನಿನ ತೂಕ 52 ಕಿಲೋಡಾಲ್ಟನ್. ಸರಿಯಾಗಿ ಅಲ್ಲೇ ಅಚ್ಚುಕಟ್ಟಾದ ಪಟ್ಟಿ ಮೂಡುತ್ತಿತ್ತು. ಎಂಟು ತಿಂಗಳು ಅದರ ಹಿಂದೆ ಓಡಾಡಿದೆ. ಒಂದು ಸಂಜೆ ಅವಸರದಲ್ಲಿ ಮೊದಲ ಪ್ರತಿಕಾಯ ಹಾಕುವುದನ್ನೇ ಮರೆತೆ. ಪಟ್ಟಿ ಹಾಗೇ ಮೂಡಿತು, ಒಂದಿಷ್ಟೂ ಮಸುಕಾಗದೆ. ಆ ಅಂಗಾಂಶದಲ್ಲಿ ಮನುಷ್ಯನ ರಕ್ತದ ಪ್ರತಿಕಾಯಗಳೂ ಇದ್ದವು. ಅವುಗಳ ಭಾರಸರಪಳಿ ಎಂಬ ಭಾಗದ ತೂಕ ಸುಮಾರು 50 ಕಿಲೋಡಾಲ್ಟನ್. ನನ್ನ ಎರಡನೆಯ ಪ್ರತಿಕಾಯ ನೇರವಾಗಿ ಅದಕ್ಕೇ ಅಂಟುತ್ತಿತ್ತು. ನಾನು ಹುಡುಕಿದ ಪ್ರೋಟೀನು ಅಲ್ಲಿ ಇತ್ತೋ ಇಲ್ಲವೋ, ಆ ಎಂಟು ತಿಂಗಳ ಕೆಲಸ ಅದನ್ನು ಹೇಳುವಂತಿರಲಿಲ್ಲ. ಮೊದಲ ವಾರವೇ ಮಾಡಬೇಕಿದ್ದ ಪರೀಕ್ಷೆಯನ್ನು ಮರೆವು ನನ್ನಿಂದ ಮಾಡಿಸಿತು. ಆ ಟಿಪ್ಪಣಿ ಪುಸ್ತಕ ಇಂದಿಗೂ ನನ್ನ ಬಳಿ ಇದೆ.

ನನ್ನದು ಒಬ್ಬ ವಿದ್ಯಾರ್ಥಿಯ ಎಂಟು ತಿಂಗಳು. ಒಂದು ಇಡೀ ಕ್ಷೇತ್ರವೇ ಹೀಗೆ ದಾರಿ ತಪ್ಪಿದ್ದುಂಟು. ಸ್ತನ ಕ್ಯಾನ್ಸರ್ ಆದಾಗ ಗಂಟಿನ ತೆಳುವಾದ ಚೂರಿನ ಮೇಲೆ ಈಸ್ಟ್ರೋಜೆನ್ ಗ್ರಾಹಕಕ್ಕೆ ಪ್ರತಿಕಾಯ ಹಾಕುತ್ತಾರೆ. ಕಣದ ಕೇಂದ್ರ ಕಂದುಬಣ್ಣಕ್ಕೆ ತಿರುಗಿದರೆ ಟ್ಯಾಮಾಕ್ಸಿಫೆನ್‌ನಂಥ ಔಷಧಿ ಕೆಲಸ ಮಾಡುವ ಸಂಭವ ಹೆಚ್ಚು. ನಮ್ಮ ಊರಿನ ಆಸ್ಪತ್ರೆಗಳಲ್ಲೂ ಇದು ದಿನನಿತ್ಯದ ಪರೀಕ್ಷೆ, ಅಲ್ಲಿ ಹುಡುಕುವುದು ಆಲ್ಫಾ ಎಂಬ ಗ್ರಾಹಕವನ್ನು, ಅದರ ಪ್ರತಿಕಾಯಗಳು ಚೆನ್ನಾಗಿ ಒರೆಗೆ ಹಚ್ಚಿದವು. 1996ರಲ್ಲಿ ಬೀಟಾ ಎಂಬ ಎರಡನೆಯ ಗ್ರಾಹಕ ಸಿಕ್ಕಿತು. ಅದು ಸ್ತನದ ಅಂಗಾಂಶದಲ್ಲಿದೆ ಎಂದು ಲೇಖನಗಳ ಮೇಲೆ ಲೇಖನಗಳು ಬಂದವು. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಆ ಲೇಖನಗಳ ಹಿಂದಿದ್ದ ಪ್ರತಿಕಾಯಗಳನ್ನೇ ಕಟಕಟೆಗೆ ತಂದರು. 13ನ್ನು ಪರೀಕ್ಷಿಸಿದಾಗ ಅಂಗಾಂಶದಲ್ಲಿ ನಂಬಿಕೆಗೆ ಯೋಗ್ಯವಾಗಿ ನಿಂತದ್ದು ಒಂದೇ ಒಂದು. ಆ ಒಂದನ್ನು ಹಾಕಿ ನೋಡಿದರೆ ಸ್ತನದ ಅಂಗಾಂಶದಲ್ಲಿ ಬೀಟಾ ಕಾಣಲಿಲ್ಲ. ಇಪ್ಪತ್ತು ವರ್ಷ! ಸಂಶೋಧಕರ ಸಮಯ ಹೋಗಲಿ, ತಮ್ಮ ದೇಹದ ಚೂರನ್ನು ಸಂಶೋಧನೆಗೆಂದು ಒಪ್ಪಿಸಿದ ಹೆಂಗಸರಿಗೆ ನಾವು ಕೊಟ್ಟ ಉತ್ತರವೇನು ಎಂಬುದು ನನ್ನನ್ನು ಕಾಡುತ್ತದೆ.

2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 65 ಮಾನವ ಪ್ರೋಟೀನುಗಳಿಗೆ ಮಾರುಕಟ್ಟೆಯಲ್ಲಿ ಸಿಗುವ 614 ಪ್ರತಿಕಾಯಗಳನ್ನು, ಜೀನ್ ತೆಗೆದ ಕಣಗಳ ಪಕ್ಕದಲ್ಲಿಟ್ಟು ಪರೀಕ್ಷಿಸಿತು. ತನ್ನ ಪ್ರೋಟೀನನ್ನು ಗುರುತಿಸದ ಪ್ರತಿಕಾಯವನ್ನು ನಂಬಿ ಬರೆದ ಲೇಖನಗಳು, ಪ್ರೋಟೀನೊಂದಕ್ಕೆ ಸರಾಸರಿ 12.

ಪ್ರತಿಕಾಯದ ಮಾತನ್ನು ಬೇರೆ ದಾರಿಯಿಂದ ತಾಳೆ ನೋಡುವ ಕೆಲಸವೂ ನಮ್ಮ ಪೂರ್ವ ಬೆಂಗಳೂರಿನಲ್ಲೇ ನಡೆದಿದೆ. ಹಲಸೂರಿನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಇಂದಿರಾನಗರ, ಬೈಯಪ್ಪನಹಳ್ಳಿ, ಕೆ.ಆರ್. ಪುರ ದಾಟಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿದರೆ ಐಟಿಪಿಎಲ್ ಎಂಬ ತಂತ್ರಜ್ಞಾನ ಪಾರ್ಕ್. 2002ರಲ್ಲಿ ವಿಜ್ಞಾನಿ ಅಖಿಲೇಶ್ ಪಾಂಡೆ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ನೆಲೆಗೊಂಡದ್ದು ಅಲ್ಲಿ. ಅಲ್ಲಿನ ಯುವ ಜೀವವಿಜ್ಞಾನಿಗಳು ಮೊದಲು ಮಾಡಿದ ದೊಡ್ಡ ಕೆಲಸ ಓದುವುದು. ಸಂಶೋಧನಾ ಲೇಖನಗಳನ್ನು ಒಂದೊಂದಾಗಿ ಓದಿ, ಯಾವ ಮಾನವ ಪ್ರೋಟೀನು ಯಾವ ಅಂಗಾಂಶದಲ್ಲಿದೆ, ಯಾವುದರೊಡನೆ ಕೂಡುತ್ತದೆ ಎಂದು ಕೈಯಾರೆ ದಾಖಲಿಸಿ ಮಾನವ ಪ್ರೋಟೀನುಗಳ ದತ್ತಾಂಶಕೋಶವೊಂದನ್ನು 2003ರಲ್ಲಿ ಜಗತ್ತಿನ ಮುಂದಿಟ್ಟರು. ಆಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆಗೂಡಿ, 30 ಬಗೆಯ ಮಾನವ ಅಂಗಾಂಶ ಮತ್ತು ಕಣಗಳ ಪ್ರೋಟೀನುಗಳನ್ನು ತುಂಡರಿಸಿ, ಆ ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಗಿದರು. ಇಲ್ಲಿ ಶಾಲಿನ ಗುರುತಿಲ್ಲ, ತೂಕವೇ ಸಾಕ್ಷಿ. 17,294 ಜೀನುಗಳ ಪ್ರೋಟೀನುಗಳು ಸಿಕ್ಕವು, ಪ್ರೋಟೀನು ಕೊಡುವ ಜೀನುಗಳಲ್ಲಿ ಶೇಕಡಾ 84ರಷ್ಟು. 2014ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆ ಅದನ್ನು ಪ್ರಕಟಿಸಿತು. ಆ 30ರಲ್ಲಿ ಸಿಡಿ4 ಕಣಗಳೂ ಇದ್ದವು. ಪ್ರತಿಕಾಯಗಳಿಂದ ಹೆಸರು ಪಡೆದ ಕಣ ತಕ್ಕಡಿಗೂ ಏರಿತು.

ಹಾಗೆಂದು ತಕ್ಕಡಿ ಬಂದಮೇಲೆ ಪ್ರತಿಕಾಯ ಬೇಡವಾಗಲಿಲ್ಲ. ಅಂಗಾಂಶವನ್ನು ಅರೆದು ತೂಗಿದರೆ ಪ್ರೋಟೀನು ಯಾವ ಕಣದ ಯಾವ ಮೂಲೆಯಲ್ಲಿತ್ತು ಎಂಬುದು ಅಳಿಸಿಹೋಗುತ್ತದೆ. ಅದನ್ನು ಜಾಗದಲ್ಲೇ ತೋರಿಸಬಲ್ಲದ್ದು ಪ್ರತಿಕಾಯ.

ವಿದ್ಯಾರ್ಥಿಗಳು ಕೇಳುತ್ತಾರೆ, "ಸರ್, ಕಂಪನಿಯವರೇ ಪರೀಕ್ಷೆ ಮಾಡಿ ಕಳಿಸಿರ್ತಾರಲ್ಲ, ನಾವು ಮತ್ತೆ ಯಾಕೆ ಮಾಡಬೇಕು?" ಅವರು ಪರೀಕ್ಷಿಸಿದ್ದು ಅವರ ಕಣಗಳ ಮೇಲೆ, ಅವರ ವಿಧಾನದಲ್ಲಿ. ನಿಮ್ಮ ಅಂಗಾಂಶದಲ್ಲಿ ಇನ್ನೆಷ್ಟು ಹಳದಿ ಶಾಲುಗಳಿವೆಯೋ ಅವರಿಗೆ ಗೊತ್ತಿಲ್ಲ. ಪ್ರಾಣಿಯಿಂದ ಪಡೆದ ಪ್ರತಿಕಾಯವಾದರೆ ಒಂದು ಬ್ಯಾಚಿನ ಬಾಟಲಿ ಇನ್ನೊಂದು ಬ್ಯಾಚಿನದರಂತಿರಬೇಕೆಂದೂ ಇಲ್ಲ. ಒಳ್ಳೆಯ ಪ್ರಯೋಗಾಲಯಕ್ಕೆ ಹೊಸ ಬಾಟಲಿ ಬಂದ ದಿನ ಹೋಗಿ ನೋಡಿ. ಒಬ್ಬರದೇ ರಕ್ತವನ್ನು ಎರಡು ಟ್ಯೂಬಿಗೆ ಹಾಕಿ, ಒಂದಕ್ಕೆ ಹಳೆಯದು, ಒಂದಕ್ಕೆ ಹೊಸದು ಬಿಟ್ಟು, ಎರಡು ಸಂಖ್ಯೆಗಳನ್ನೂ ಅಕ್ಕಪಕ್ಕ ಬರೆದಿಡುತ್ತಾರೆ. ಹಳೆಯ ಬಾಟಲಿಯ ತಳದಲ್ಲಿ ಕೊನೆಯ ಕೆಲವು ಹನಿಗಳನ್ನು ಅವರು ಉಳಿಸಿಕೊಂಡಿರುವುದೇ ಅದಕ್ಕಾಗಿ.