ಮಗ್ಗದ ಮನೆಯ ಹಿತ್ತಲಕ್ಕೆ ಬ್ಯಾಸಗಿ ಕಾಯಿಪಲ್ಲೆ



ಶಿವರಾತ್ರಿ ಹತ್ತಿರ ಬಂತು. ಶಿವರಾತ್ರಿಗೆ ಶಿವಶಿವಾ ಎಂದು ಥಂಡಿ ಓಡುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಥಂಡಿ ಹೋಯಿತೆಂದರೆ ನಮ್ಮ ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರದ ಕಡೆ ಬಿಸಿಲು ಬಂದು ಮುಟ್ಟಲು ತಡವಿಲ್ಲ. ಪಂಚಾಂಗದಲ್ಲಿ ವಸಂತ ಋತು ಯುಗಾದಿಗೆ ಸುರುವಾಗುತ್ತದೆ. ನಮ್ಮ ಎರಿ ನೆಲದಲ್ಲಿ ಅಷ್ಟೊತ್ತಿಗೆ ಬ್ಯಾಸಗಿ ಕಾಲು ಚಾಚಿ ಕೂತಿರುತ್ತದೆ. ಆದುದರಿಂದ ಹಿತ್ತಲದ ಕಾಯಿಪಲ್ಲೆಯ ಬೀಜವನ್ನು ಶಿವರಾತ್ರಿಯಿಂದ ಹೋಳಿ ಹುಣ್ಣಿಮೆಯೊಳಗೆ ಊರಿಬಿಡಬೇಕು. ಸಸಿಗಳು ನಾಲ್ಕೆಲೆ ಬಿಟ್ಟು ಬೇರು ಇಳಿಸಿದ ಮೇಲೆ ಬಿಸಿಲು ಬಂದರೆ ತಾಳಿಕೊಳ್ಳುತ್ತವೆ. ಮೊಳಕೆ ಇರುವಾಗಲೇ ಬಂದರೆ ಸುಟ್ಟುಹೋಗುತ್ತವೆ.

ಇಂಥ ಭಾಷಣವನ್ನು ಬೀಜದಿಂದ ಸುರುಮಾಡುವುದು ವಾಡಿಕೆ. ನಾನು ನೀರಿನಿಂದ ಸುರುಮಾಡುತ್ತೇನೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು.

ನಾನು ಡಿಪ್ಲೊಮಾ ಮುಗಿಸಿ ನೌಕರಿಗೆ ಸೇರಿದ ಹೊಸತರಲ್ಲಿ ಮಗ್ಗದ ಓಣಿಯೊಂದರಲ್ಲಿ ಕೈತೋಟದ ಬಗ್ಗೆ ಮಾತನಾಡಲು ಹೋಗಿದ್ದೆ. ಹುರುಪು ಬಹಳ ಇತ್ತು, ತಿಳಿವಳಿಕೆ ಅಷ್ಟಿರಲಿಲ್ಲ. "ಮನೆಯ ನೀರು ಒಂದು ಹನಿಯೂ ಗಟಾರಕ್ಕೆ ಹೋಗಬಾರದು, ಎಲ್ಲವನ್ನೂ ಹಿತ್ತಲಕ್ಕೆ ಹಾಯಿಸಿರಿ" ಎಂದು ಗಟ್ಟಿಯಾಗಿ ಹೇಳಿ ಬಂದೆ. ಕೇಳಿದವರಲ್ಲಿ ಒಬ್ಬ ತಾಯಿ ಇದ್ದಳು. ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ. ಆಕೆ ನನ್ನ ಮಾತನ್ನು ಅಕ್ಷರಶಃ ನಡೆಸಿದಳು. ಅಡಿಗೆಮನೆಯ ನೀರಿನ ಜೊತೆಗೆ ಬಣ್ಣದ ತೊಟ್ಟಿಯ ನೀರನ್ನೂ ಬೆಂಡಿ, ಬದನಿ, ಮೆಂತೆ ಮಡಿಗೆ ಬಿಟ್ಟಳು. ಯುಗಾದಿಯ ಹೊತ್ತಿಗೆ ನಾನು ಹೋಗಿ ನೋಡಿದರೆ ಎಲೆಯ ಅಂಚೆಲ್ಲ ಕರಿಕಾಗಿ, ನೆಲ ಕಲ್ಲಿನಂತೆ ಬಿಗಿದು, ಮೇಲೆ ನೀರು ಹಾಕಿದರೆ ಇಳಿಯದೆ ನಿಂತುಬಿಡುತ್ತಿತ್ತು. ಆಕೆ ನನಗೆ ಬೈಯಲಿಲ್ಲ. "ಸಾಹೇಬ್ರ, ನೀವ ಹೇಳಿದ್ರೆಲ್ಲಾ? ನೀರು ನೀರ ಅಲ್ಲೇನ್ರಿ?" ಎಂದು ಕೇಳಿದಳು, ಅಷ್ಟೇ. ನಾನು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಚಲೋ ಆಗುತ್ತಿತ್ತು.

ಬಣ್ಣದ ನೀರಿನಲ್ಲಿ ಏನಿರುತ್ತದೆ? ಬಣ್ಣವೊಂದೇ ಅಲ್ಲ. ಬಣ್ಣ ನೂಲಿಗೆ ಹಿಡಿಯಲಿ ಎಂದು ಹಾಕುವ ಉಪ್ಪು, ಕಾಸ್ಟಿಕ್ ಸೋಡಾ, ಸೋಡಾ ಪುಡಿ ಇವೆಲ್ಲ ಇರುತ್ತವೆ. ಇವುಗಳಲ್ಲಿರುವ ಸೋಡಿಯಮ್ ನಮ್ಮ ಎರಿ ಮಣ್ಣಿಗೆ ಬಹಳ ಕೆಟ್ಟದ್ದು. ಎರಿ ಮಣ್ಣಿನ ಸಣ್ಣ ಕಣಗಳು ಗುಂಪು ಗುಂಪಾಗಿ ಕೂಡಿಕೊಂಡಿದ್ದರೆ ನಡುವೆ ಗಾಳಿಗೆ, ನೀರಿಗೆ, ಬೇರಿಗೆ ದಾರಿ ಇರುತ್ತದೆ. ಸೋಡಿಯಮ್ ಸೇರಿದರೆ ಆ ಗುಂಪು ಒಡೆದು, ಕಣಗಳು ಹಿಟ್ಟಿನ ಹಾಗೆ ಬಿಡಿಬಿಡಿಯಾಗಿ ದಾರಿಯನ್ನೆಲ್ಲ ಮುಚ್ಚಿಬಿಡುತ್ತವೆ. ಹಸಿ ಇದ್ದಾಗ ರಾಡಿ, ಒಣಗಿದಾಗ ಕಲ್ಲು. ಇನ್ನು ಬಣ್ಣದ ಮಾತು. ಕೆಲವು ಜಾತಿಯ ಅಜೋ ಬಣ್ಣಗಳಿಂದ ಕ್ಯಾನ್ಸರಿನ ಭಯವಿದೆಯೆಂದು ನಮ್ಮ ಸರಕಾರ 1997ರಲ್ಲಿ ಅವುಗಳನ್ನು ನಿಷೇಧಿಸಿತು. ನಿಷೇಧವಿಲ್ಲದ ಬಣ್ಣವಾದರೂ ಮಕ್ಕಳು ತಿನ್ನುವ ಪಲ್ಲೆಯ ಬೇರಿಗೆ ಹೋಗತಕ್ಕದ್ದಲ್ಲ. ಆದುದರಿಂದ ಬಣ್ಣದ ತೊಟ್ಟಿಯ ನೀರು, ನೂಲು ತೊಳೆದ ನೀರು, ಎರಡನೆಯ ಸಲ ಜಾಲಿಸಿದ ನೀರು ಸಹ, ಹಿತ್ತಲಕ್ಕೆ ಬೇಡವೇ ಬೇಡ.

ಹಾಗಾದರೆ ಯಾವ ನೀರು ಬೇಕು? ಅಕ್ಕಿ ಬ್ಯಾಳಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು, ಕೊಡ ತೊಳೆದು ಚೆಲ್ಲುವ ಹಳೇ ನೀರು ಎಲ್ಲದಕ್ಕೂ ನಡೆಯುತ್ತವೆ. ಜಳಕದ ನೀರನ್ನು ಬಾಳೆ, ನುಗ್ಗಿ, ತೆಂಗಿನ ಬುಡಕ್ಕೆ ಬಿಡಿರಿ. ಸೊಪ್ಪಿನ ಮಡಿಗೆ ಬೇಡ. ಅರಿವೆ ಒಗೆದ ಸೋಡಾ-ಪುಡಿಯ ನೀರು ಬಣ್ಣದ ನೀರಿನ ಸಣ್ಣ ತಮ್ಮನಿದ್ದಂತೆ, ಅದೂ ಗಟಾರಕ್ಕೇ ಹೋಗಲಿ. ಬೋರಿನ ನೀರಿದ್ದವರು ಅರ್ಧ ಲೀಟರ್ ಬಾಟಲಿಯಲ್ಲಿ ತುಂಬಿಕೊಂಡು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಪರೀಕ್ಷೆಗೆ ಕೊಡಿರಿ. ಉಪ್ಪಿನ ಅಳತೆಯನ್ನು ಡೆಸಿಸೈಮನ್ಸ್ ಎಂಬ ಲೆಕ್ಕದಲ್ಲಿ ಬರೆದುಕೊಡುತ್ತಾರೆ. 0.7ರೊಳಗೆ ಇದ್ದರೆ ಚಿಂತೆ ಇಲ್ಲ. 3 ದಾಟಿತೆಂದರೆ ಆ ನೀರಿನ ಮೇಲೆ ಕಾಯಿಪಲ್ಲೆಯ ಆಸೆ ಬಿಡಿರಿ. ನಡುವೆ ಇದ್ದರೆ ಬೆಳೆ ನೋಡಿ ಆರಿಸಬೇಕು. ಅದನ್ನು ಮುಂದೆ ಹೇಳುತ್ತೇನೆ.

ಮಣ್ಣಿನ ಪರೀಕ್ಷೆಯನ್ನು ಮನೆಯಲ್ಲೇ ಒಂದಿಷ್ಟು ಮಾಡಬಹುದು. ಒಂದು ಗಾಜಿನ ಲೋಟದಲ್ಲಿ ಮಳೆ ನೀರನ್ನೋ, ಶುದ್ಧ ನೀರಿನ ಘಟಕದಿಂದ ತಂದ ನೀರನ್ನೋ ಹಾಕಿ, ಕಡಲೆ ಕಾಳಿನಷ್ಟು ದೊಡ್ಡ ಒಣ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಬಿಡಿರಿ. ಅಲುಗಾಡಿಸಬೇಡಿರಿ. ಮರುದಿನ ನೋಡಿದಾಗ ಹೆಂಟೆ ಕುಸಿದಿದ್ದರೂ ನೀರು ತಿಳಿಯಾಗಿದ್ದರೆ ನೆಲ ಸುದ್ದವಿದೆ. ಹೆಂಟೆಯ ಸುತ್ತ ಹಾಲು ಕಲಸಿದಂತೆ ಬಗ್ಗಡ ಕಟ್ಟಿದ್ದರೆ ಸೋಡಿಯಮ್ ಹೊಕ್ಕಿದೆ ಎಂದು ತಿಳಿಯಿರಿ. ನೆಲದ ಮೇಲೆ ಬೆಳ್ಳಗೆ ಹೊಪ್ಪಳಿಕೆ ಎದ್ದಿದ್ದರೆ ಅದು ಉಪ್ಪು. ಸವಳು-ಜವಳು ಎಂದರೆ ಏನೆಂದು ಮುಧೋಳ, ಜಮಖಂಡಿ ಸೀಮೆಯ ಕಬ್ಬಿನ ರೈತರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹೊಲದಲ್ಲಿ ನಡೆದದ್ದೇ ಹಿತ್ತಲದಲ್ಲೂ ನಡೆಯುತ್ತದೆ.

ಆ ತಾಯಿಯ ಹಿತ್ತಲಕ್ಕೆ ಏನಾಯಿತು ಎಂದು ನೀವು ಕೇಳಬಹುದು. ಮೊದಲು ಬಣ್ಣದ ನೀರಿನ ದಾರಿ ಬಂದು ಮಾಡಿದೆವು. ಮೇಲಿನ ಗೇಣು ಮಣ್ಣನ್ನು ಕೆತ್ತಿ ತೆಗೆದೆವು. ಪರೀಕ್ಷೆಯ ಲೆಕ್ಕದಂತೆ ಜಿಪ್ಸಂ ಬೆರೆಸಿ, ನೀರು ಬಸಿದು ಹೋಗಲಿಕ್ಕೆ ಮಗ್ಗುಲಲ್ಲಿ ಒಂದು ಕಾಲುವೆ ತೆಗೆದು ಮಳೆಗಾಲಕ್ಕೆ ಬಿಟ್ಟೆವು. ಜಿಪ್ಸಂನಲ್ಲಿರುವ ಸುಣ್ಣದ ಅಂಶ ಸೋಡಿಯಮ್ಮನ್ನು ಮಣ್ಣಿನಿಂದ ಬಿಡಿಸುತ್ತದೆ. ಬಿಡಿಸಿದ್ದನ್ನು ಮಳೆ ತೊಳೆದುಕೊಂಡು ಹೋಗಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಒಂದೇ ಹಾಕಿದರೆ ರೊಕ್ಕ ನೀರಿನಲ್ಲಿ ಹಾಕಿದಂತೆ. ಆಮೇಲೆ ಡಯಂಚಾ ಬಿತ್ತಿ, ಹೂ ಬರುವ ಮೊದಲೇ ಮಣ್ಣಲ್ಲಿ ಮುಚ್ಚಿದೆವು. ಮೊದಲನೆಯ ವರ್ಷ ಚವಳಿಕಾಯಿ ಒಂದೇ ಬಂತು. ಎರಡನೆಯ ವರ್ಷ ರಾಜಗಿರಿ, ಪಾಲಕ ಬಂದವು. ನಾನು ಐದು ನಿಮಿಷದಲ್ಲಿ ಆಡಿದ ಮಾತನ್ನು ಸರಿಮಾಡಲು ಎರಡು ವರ್ಷ ಹಿಡಿಯಿತು.

ಈಗ ಮಡಿಯ ವಿಚಾರ. ಮೊದಲು ಕೊಡ ಎಣಿಸಿ ಆಮೇಲೆ ಮಡಿ ಮಾಡಿರಿ. ಹತ್ತು ಫೂಟು ಉದ್ದ ಹತ್ತು ಫೂಟು ಅಗಲದ ಜಾಗಕ್ಕೆ ಎಪ್ರಿಲ್ ಬಿಸಿಲಲ್ಲಿ ದಿನಕ್ಕೆ ಹೆಚ್ಚು ಕಡಿಮೆ 50-60 ಲೀಟರ್, ಅಂದರೆ ನಾಲ್ಕೈದು ಕೊಡ ನೀರು ಬೇಕು. ನಿಮ್ಮ ಮನೆಯಲ್ಲಿ ಎರಡೇ ಕೊಡ ಉಳಿಯುವುದಾದರೆ ಅದರ ಅರ್ಧ ಜಾಗ ಸಾಕು. ಈ ನೀರನ್ನು ಉಳಿಸುವ ಒಂದು ಉಪಾಯ ನಮ್ಮ ಕಣ್ಣ ಮುಂದೆಯೇ ಬಿದ್ದಿದೆ, ಅದನ್ನು ನಾವು ಬೆಂಕಿಗೆ ಹಾಕುತ್ತೇವೆ. ಅದೇ ಕಬ್ಬಿನ ರವದಿ. ಕಬ್ಬು ಕಡಿದ ಹೊಲದಿಂದ ಎರಡು ಹೊರೆ ರವದಿ ಕೇಳಿ ತನ್ನಿರಿ, ಯಾರೂ ಇಲ್ಲ ಅನ್ನುವುದಿಲ್ಲ. ಸಸಿ ಗೇಣುದ್ದ ಆದ ಮೇಲೆ ಬುಡ ಬಿಟ್ಟು ಸುತ್ತಲೂ ನಾಲ್ಕು ಬೊಟ್ಟು ದಪ್ಪ ಹಾಸಿರಿ. ನೆಲ ತಂಪಾಗಿರುತ್ತದೆ, ಕಸ ಏಳುವುದಿಲ್ಲ, ನೀರು ಆರುವುದು ಕಡಿಮೆಯಾಗಿ ಉಪ್ಪು ಮೇಲಕ್ಕೆ ಏರುವುದೂ ಕಡಿಮೆಯಾಗುತ್ತದೆ. ಗೆದ್ದಲು ಇರುವ ಜಾಗದಲ್ಲಿ ಮಾತ್ರ ಆಗಾಗ ಎತ್ತಿ ನೋಡುತ್ತಿರಬೇಕು.

ನೀರು ಸ್ವಲ್ಪ ಉಪ್ಪಿದ್ದರೆ ದಿನಾ ಚಿಮುಕಿಸಬೇಡಿರಿ. ಸಸಿ ಹಿಡಿದ ಮೇಲೆ ಎರಡು-ಮೂರು ದಿನಕ್ಕೊಮ್ಮೆ ಹೊಟ್ಟೆ ತುಂಬ ಕುಡಿಸಿರಿ. ಉಪ್ಪು ಬೇರಿನ ಕೆಳಗೆ ಇಳಿಯಲಿ. ಸಾಲು-ಬೋದು ಮಾಡುವವರು ಬೀಜವನ್ನು ಬೋದಿನ ನೆತ್ತಿಯ ಮೇಲೆ ಇಡದೆ ಮಗ್ಗುಲಿಗೆ ಊರಬೇಕು. ಉಪ್ಪು ಹೋಗಿ ಕೂಡುವುದು ನೆತ್ತಿಯ ಮೇಲೆಯೇ.

ಯಾವುದನ್ನು ಊರಬೇಕು? ನೀರು ಸಪ್ಪಗಿದ್ದವರು ಬೆಂಡಿ, ಬದನಿ, ಹೀರಿ, ಸವತಿ, ಹಾಗಲ ಏನೂ ಮಾಡಬಹುದು. ಉಪ್ಪಿನ ನೀರಿನವರು ಚವಳಿಕಾಯಿ, ಪಾಲಕ, ಬೀಟ್‌ರೂಟ್ ಹಿಡಿಯಿರಿ. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿಯ ಗೊಡವೆಗೆ ಹೋಗಬೇಡಿರಿ, ಅವು ಉಪ್ಪಿಗೆ ಬೇಗ ಸೋಲುತ್ತವೆ. ಮೆಂತೆ, ಕೊತ್ತಂಬರಿಗಳಿಗೆ ಈ ಬಿಸಿಲು ಬೇಡ, ಎಲೆ ಬಿಡುವ ಮೊದಲೇ ಹೂವಿಗೆ ಓಡುತ್ತವೆ; ಬೇಕಾದರೆ ಹೀರಿ ಹಂದರದ ನೆರಳಿನಲ್ಲಿ ಹಾಕಿರಿ. ರಾಜಗಿರಿ ಮಾತ್ರ ನಮ್ಮ ಕಾಲಮಾನಕ್ಕೆ ಹೇಳಿ ಮಾಡಿಸಿದ್ದು. ಶಿವರಾತ್ರಿಗೂ ಯುಗಾದಿಗೂ ನಡುವೆ ಒಂದು ತಿಂಗಳು. ರಾಜಗಿರಿಗೆ ಬೇಕಾದದ್ದೂ ಅಷ್ಟೇ. ಬೀಜ ಬಹಳ ಸಣ್ಣದು, ಉಸುಕಿನಲ್ಲಿ ಬೆರೆಸಿ ಎರಚಿರಿ. ಬೇರು ಸಮೇತ ಕೀಳದೆ ಬೊಟ್ಟುದ್ದ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಪುಂಡಿ ಪಲ್ಲೆಯೂ ಬಿಸಿಲಿಗೆ ಅಂಜುವುದಿಲ್ಲ, ಜ್ವಾಳದ ರೊಟ್ಟಿಗೆ ಅದರಷ್ಟು ಜೋಡಿ ಬೇರೆ ಇಲ್ಲ ಎಂದು ನನ್ನ ಅಭಿಪ್ರಾಯ.

ಬೆಂಡಿ ಬೀಜವನ್ನು ರಾತ್ರಿ ನೆನೆಯಿಟ್ಟು, ಮುಂಜಾನೆ ಮೊಳ ಅಂತರದ ಸಾಲಿನಲ್ಲಿ ಒಂದು ಫೂಟಿಗೆ ಎರಡರಂತೆ ಬೊಟ್ಟು ಆಳಕ್ಕೆ ಊರಿರಿ. ನಲವತ್ತೈದು-ಐವತ್ತು ದಿನಕ್ಕೆ ಕಾಯಿ ಸುರುವಾಗುತ್ತದೆ. ದಿನ ಬಿಟ್ಟು ದಿನ ಹರಿಯಬೇಕು. ಬಲಿಯಲು ಬಿಟ್ಟರೆ ಗಿಡ ಮುಂದೆ ಕಾಯಿ ಬಿಡುವುದನ್ನು ಮರೆಯುತ್ತದೆ. ಬ್ಯಾಸಗಿಯಲ್ಲಿ ಬಿಳಿ ನೊಣ ಹೆಚ್ಚಾಗಿ ಹಳದಿ ನಂಜು ರೋಗ ಹರಡುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕಾ ತಳಿ ಈ ರೋಗವನ್ನು ಸಾಕಷ್ಟು ತಡೆಯಲಿ ಎಂದೇ ಬೆಳೆಸಿದ್ದು. ಆದರೂ ಎಲೆಯ ನರ ಹಳದಿಯಾದ ಗಿಡ ಒಂದೇ ಒಂದು ಕಂಡರೂ ಮರುಗದೆ ಕಿತ್ತು ಹುಗಿದುಬಿಡಿರಿ.

"ಸಾಹೇಬ್ರ, ನಮ್ಮ ಮನ್ಯಾಗ ಮಗ್ಗಕ್ಕ ಜಾಗಾ ಇಲ್ಲ, ಹಿತ್ತಲಾ ಎಲ್ಲಿಂದ ತರೂಣು?" ಎನ್ನುವವರು ಬಹಳ ಮಂದಿ. ಮಾತು ಖರೆ. ಐದು ಮಂದಿಯ ಮನೆಗೆ ವರ್ಷಪೂರ್ತಿ ಕಾಯಿಪಲ್ಲೆ ಬೇಕಾದರೆ 200 ಚದರ ಮೀಟರ್, ಅಂದರೆ ಎರಡು ಗುಂಟೆ ಬೇಕು. ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ಹೊರಡಿಸಿದ ಸಲಹೆಯಂತೆ ಒಬ್ಬರಿಗೆ ದಿನಕ್ಕೆ ಸೊಪ್ಪು-ಕಾಯಿ ಕೂಡಿ 400 ಗ್ರಾಂ, ಐವರಿಗೆ ಎರಡು ಕಿಲೊ. ಓಣಿಯ ಮನೆಯಲ್ಲಿ ಇದು ಆಗದು. ಇಂಗ್ಲಂಡದ ಗಿರಣಿ ಊರುಗಳಲ್ಲಿ ಇದೇ ತೊಂದರೆ ಇತ್ತು. ಅಲ್ಲಿ 1908ರ ಕಾಯ್ದೆಯ ಪ್ರಕಾರ ಕೇಳಿದವರಿಗೆ ಊರ ಹೊರಗೆ ತುಂಡು ಜಮೀನು ಬಾಡಿಗೆಗೆ ಕೊಡುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವಾಯಿತು. ಒಂದು ಪಾಲು ಸುಮಾರು 250 ಚದರ ಮೀಟರ್, ನಮ್ಮ ಎರಡೂವರೆ ಗುಂಟೆ. 1939ರಿಂದ 1945ರ ಯುದ್ಧದಲ್ಲಿ ಬಹಳ ಮನೆಗಳ ಅಡಿಗೆ ಆ ತುಂಡುಗಳ ಮೇಲೆ ನಡೆಯಿತು.

ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ, ಆದರೆ ಬಾಯಿಮಾತು ನಡೆಯುತ್ತದೆ. ಆರು ಮಗ್ಗದ ಮನೆಯವರು ಕೂಡಿ ಕಬ್ಬಿನ ರೈತರೊಬ್ಬರ ಬಾವಿಯ ಮೂಲೆಯಲ್ಲಿ ಮನೆಗೊಂದು ಗುಂಟೆಯಂತೆ ಪಾಲು ಹಿಡಿದದ್ದನ್ನು ನಾನು ನೋಡಿದ್ದೇನೆ. ಕಂಡಿಕೆ ಸುತ್ತುವ ಹೆಣ್ಣುಮಕ್ಕಳು ಮುಂಜಾನೆ ಒಂದು ತಾಸು, ಕರೆಂಟು ಹೋದಾಗ ಗಂಡಸರು ಒಂದು ತಾಸು. ಮೊದಲನೆಯ ತಿಂಗಳೇ ನೀರಿಗೆ ಜಗಳ ಬಂತು. ಪಾಳಿಯ ದಿನಗಳನ್ನು ಹಾಳೆಯ ಮೇಲೆ ಬರೆದು ಮೋಟಾರಿನ ಪೆಟ್ಟಿಗೆಗೆ ಅಂಟಿಸಿದ ಮೇಲೆ ನಿಂತಿತು. ನೀವು ಇದನ್ನು ಮೊದಲೇ ಮಾಡಿಕೊಳ್ಳಿರಿ.

ಜಾಗ ಆರಿಸುವಾಗ ಎತ್ತರದ ಮಗ್ಗುಲನ್ನು ಕೇಳಿರಿ, ಕಾಲುವೆಯ ಬದಿಯ ಜವಳನ್ನು ಪುಕ್ಕಟೆ ಕೊಟ್ಟರೂ ಒಲ್ಲೆನ್ನಿರಿ. ಇನ್ನೊಂದು ಮಾತು ರೈತರಿಗೇ ಹೇಳಬೇಕಾದದ್ದು. ಕಬ್ಬಿನ ಕಸಕ್ಕೆ ಹೊಡೆಯುವ 2,4-ಡಿ ಔಷಧ ಗಾಳಿಯಲ್ಲಿ ತೇಲಿ ಬಂದರೆ ಬೆಂಡಿ, ಬದನಿ, ಟೊಮೆಟೊ ಎಲೆಗಳು ಬೆರಳಿನಂತೆ ಸೊಟ್ಟಗಾಗಿ ಗಿಡ ಕೆಡುತ್ತದೆ. ನೇಕಾರರಿಗೆ ಮೂಲೆ ಕೊಟ್ಟವರು ಹೊಡೆಯುವ ಹಿಂದಿನ ದಿನ ಒಂದು ಮಾತು ತಿಳಿಸಿರಿ, ಗಾಳಿ ಆ ಕಡೆ ಬೀಸುವಾಗ ಹೊಡೆಯಬೇಡಿರಿ. ಆ ಪಂಪನ್ನು ಎಷ್ಟು ತೊಳೆದರೂ ಕಾಯಿಪಲ್ಲೆಗೆ ಎರವಲು ಕೊಡಬೇಡಿರಿ. ಹೇನಿಗೆ ಬೇವಿನ ಬೀಜದ ಕಷಾಯ ಸಾಕು. ಅದಕ್ಕೆ ಬೇರೆ ಪಂಪು ಇರಲಿ.

ನಿಮ್ಮ ಬೋರಿನ ನೀರಿನ ಬಾಟಲಿಯ ಮೇಲೆ ಹೆಸರು, ಓಣಿ, ತುಂಬಿದ ತಾರೀಖು ಬರೆದು ತನ್ನಿರಿ. ತುಂಬುವ ಮೊದಲು ಮೋಟಾರನ್ನು ಹತ್ತು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಿಂದ ಎರಡು ಸಲ ಜಾಲಿಸಿರಿ. ಸರಬತ್ತಿನ ಬಾಟಲಿ ತೊಳೆಯದೆ ತಂದವರೂ ಇದ್ದಾರೆ.