ಸ್ತಬ್ಧವಾಗುವ ಗಣಕಯಂತ್ರ: ಅಳಿಸುವ ಮುನ್ನ ಅರಿಯಬೇಕಾದುದು



ಗಡಿನಾಡಿನ ಕನ್ನಡ ಅಧ್ಯಾಪಕರ ಮನೆಯಲ್ಲಿರುವ ಗಣಕಯಂತ್ರವು ಕೇವಲ ಗೃಹೋಪಯೋಗಿ ವಸ್ತುವಲ್ಲ. ಬೇರೊಂದು ಭಾಷೆಯಲ್ಲಿ ಬಂದ ಸುತ್ತೋಲೆಯ ಕನ್ನಡ ಪ್ರತಿ, ಮಾರುಕಟ್ಟೆಯಲ್ಲಿ ದೊರೆಯದ ಅಭ್ಯಾಸ ಹಾಳೆಗಳು, ಹಲವು ವರ್ಷಗಳ ಪ್ರಶ್ನಪತ್ರಿಕೆಗಳು, ಊರಿನ ಹಿರಿಯರಿಂದ ಬರೆದುಕೊಂಡ ಹಾಡು, ಗಾದೆ, ಒಗಟುಗಳು ಅನೇಕ ವೇಳೆ ಆ ಒಂದು ಯಂತ್ರದಲ್ಲಿ ಮಾತ್ರ ಇರುತ್ತವೆ. ಆದುದರಿಂದ ಯಂತ್ರವು ಆರಂಭವಾಗಿ, ಪರದೆ ಮೂಡಿ, ಕೆಲವೇ ನಿಮಿಷಗಳಲ್ಲಿ ಮರವಟ್ಟು ನಿಂತರೆ ಅಪಾಯಕ್ಕೆ ಒಳಗಾಗುವುದು ಯಂತ್ರವೊಂದೇ ಅಲ್ಲ.

ಇಂತಹ ಯಂತ್ರವನ್ನು ದುರಸ್ತಿಯ ಅಂಗಡಿಗೆ ಒಯ್ದಾಗ ಸಾಮಾನ್ಯವಾಗಿ ಕೇಳಿಬರುವ ಉತ್ತರ ‘ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ’ ಎಂಬುದು. ಅಂದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಪ್ರತಿಷ್ಠಾಪಿಸುವುದು. ಹೊಸೂರಿನಲ್ಲಾಗಲಿ, ಸೊಲ್ಲಾಪುರದಲ್ಲಾಗಲಿ, ಆದೋನಿಯಲ್ಲಾಗಲಿ ಅಂಗಡಿಯವರಿಗೆ ನಮ್ಮ ಕನ್ನಡ ಕಡತಗಳ ಬೆಲೆ ತಿಳಿದಿರಬೇಕೆಂದು ನಿರೀಕ್ಷಿಸಲಾಗದು. ಆದ್ದರಿಂದ ಇಂದಿನ ಮಾತಿನ ಸಾರ ಇಷ್ಟೆ: ಮೊದಲು ಕಡತಗಳನ್ನು ಹೊರತೆಗೆಯಿರಿ, ಬಳಿಕ ಕಾರಣವನ್ನು ಹುಡುಕಿ, ಅಳಿಸುವುದು ಕೊನೆಯ ಉಪಾಯವಾಗಿರಲಿ. ವಿಂಡೋಸ್ 10 ಅಥವಾ 11 ಇರುವ ಯಂತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ಮೊದಲ ಹೆಜ್ಜೆ ವೀಕ್ಷಣೆ. ‘ನಿಂತುಹೋಯಿತು’ ಎಂದು ನಾವು ಹೇಳುವ ಸ್ಥಿತಿಯಲ್ಲಿ ಎರಡು ಬಗೆಗಳಿವೆ. ಕೀಲಿಮಣೆಯ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಒಳಗೆ ಎಚ್ಚರವಾಗಿಯೇ ಇದೆ. ಯಾವುದೋ ಒಂದು ತಂತ್ರಾಂಶವೋ ನಿಧಾನಗೊಂಡ ಡಿಸ್ಕೋ ಅದನ್ನು ಹಿಡಿದು ನಿಲ್ಲಿಸಿದೆ. ಆಗ ಹತ್ತು ನಿಮಿಷ ಕಾಯುವುದು ಲೇಸು. ದೀಪವೂ ಬದಲಾಗದೆ, ಮೌಸ್‌ನ ಬಾಣವೂ ಅಲುಗದಿದ್ದರೆ ಇಡೀ ವ್ಯವಸ್ಥೆ ನಿಂತಿದೆ. ಚಾಲಕ ತಂತ್ರಾಂಶದ ಅಥವಾ ಯಂತ್ರಾಂಶದ ದೋಷವನ್ನು ಶಂಕಿಸಬೇಕು. ಆಗ ವಿದ್ಯುತ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದು ಆರಿಸದೆ ಗತ್ಯಂತರವಿಲ್ಲ. ಆದರೆ ಇದನ್ನೇ ಅಭ್ಯಾಸ ಮಾಡಿಕೊಳ್ಳಬಾರದು. ಬರೆಯುತ್ತಿರುವ ಕಡತ ಅರ್ಧದಲ್ಲಿ ಕೆಡಬಹುದು. ಆರಂಭಿಸಿದ ಎಷ್ಟು ನಿಮಿಷಕ್ಕೆ ನಿಂತಿತು, ಆಗ ಏನು ತೆರೆದಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಇನ್ನೊಂದು ಸೂಕ್ಷ್ಮವಿದೆ. ಈಗಿನ ವಿಂಡೋಸ್‌ನಲ್ಲಿ ‘ಶಟ್ ಡೌನ್’ ಮಾಡಿದಾಗ ವ್ಯವಸ್ಥೆಯ ತಿರುಳು ಸಾಮಾನ್ಯವಾಗಿ ಡಿಸ್ಕಿನಲ್ಲಿ ಉಳಿದು, ಮರುದಿನ ಅದೇ ಸ್ಥಿತಿಯಲ್ಲಿ ಎದ್ದೇಳುತ್ತದೆ. ‘ರೀಸ್ಟಾರ್ಟ್’ ಆಯ್ದರೆ ಮಾತ್ರ ಅದು ಮೊದಲಿನಿಂದ ಆರಂಭವಾಗುತ್ತದೆ. ಕೆಲವು ತೊಂದರೆಗಳು ಇಷ್ಟರಿಂದಲೇ ನಿವಾರಣೆಯಾಗುತ್ತವೆ.

ಎರಡನೆಯ ಹೆಜ್ಜೆ ರಕ್ಷಣೆ. ಪ್ರವೇಶದ ಪರದೆಯಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ‘ರೀಸ್ಟಾರ್ಟ್’ ಆಯ್ದುಕೊಳ್ಳಿ. ಅಲ್ಲಿಂದ ಕ್ರಮವಾಗಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ಎಂದು ಸಾಗಿ, ಮತ್ತೆ ಆರಂಭವಾದಾಗ 4 ಎಂಬ ಅಂಕಿಯನ್ನು ಒತ್ತಿದರೆ ಸೇಫ್ ಮೋಡ್ ತೆರೆಯುತ್ತದೆ. ಇದರಲ್ಲಿ ಅತ್ಯಗತ್ಯವಾದ ಭಾಗಗಳು ಮಾತ್ರ ಚಾಲನೆಗೊಳ್ಳುತ್ತವೆ. ಬಿಟ್‌ಲಾಕರ್ ರಕ್ಷಣೆಯಿರುವ ಯಂತ್ರ ಈ ಹಂತದಲ್ಲಿ ಮರುಪ್ರಾಪ್ತಿ ಕೀಲಿಯನ್ನು ಕೇಳಬಹುದು. ಅದನ್ನು ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಬರೆದಿಟ್ಟುಕೊಳ್ಳಬೇಕು.

ಸೇಫ್ ಮೋಡ್ ನಿಲ್ಲದೆ ನಡೆದರೆ ತಡಮಾಡದೆ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲಿಸಿ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಕಡತಕೋಶಗಳ ಜೊತೆಗೆ, ವಿಂಡೋಸ್‌ನ ಒಳಗಿರುವ ಫಾಂಟ್ಸ್ ಕೋಶದಿಂದ ನುಡಿ, ಬರಹ ಮುಂತಾದವುಗಳ ಅಕ್ಷರವಿನ್ಯಾಸಗಳನ್ನೂ ತೆಗೆದುಕೊಳ್ಳಿ. ಇದು ಕನ್ನಡಿಗರು ವಿಶೇಷವಾಗಿ ನೆನಪಿಡಬೇಕಾದ ಮಾತು. ಹಳೆಯ ಪದ್ಧತಿಯಲ್ಲಿ ಬೆರಳಚ್ಚಿಸಿದ ಪಾಠವು ತನ್ನ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಕಡತ ಉಳಿದರೂ ಓದಲಾಗದು.

ಸೇಫ್ ಮೋಡ್ ಕೂಡ ನಿಂತರೆ, ಉಬುಂಟು ತುಂಬಿದ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಬಹುದು. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೈಟ್ ಗ್ನು ಲಿನಕ್ಸ್ ಉಬುಂಟುವನ್ನೇ ಆಧರಿಸಿದ್ದರಿಂದ ಕಾಸರಗೋಡು, ವಯನಾಡುಗಳ ಅಧ್ಯಾಪಕರಿಗೆ ಇದು ಅಪರಿಚಿತವಲ್ಲ. ಆಗ ‘ಟ್ರೈ’ ಎಂಬುದನ್ನೇ ಆಯ್ದುಕೊಳ್ಳಬೇಕು. ‘ಇನ್‌ಸ್ಟಾಲ್’ ಎಂಬುದನ್ನು ಮುಟ್ಟಬಾರದು. ಮೊದಲನೆಯದು ಡಿಸ್ಕನ್ನು ಬದಲಿಸದೆ ಕಡತಗಳನ್ನು ತೋರಿಸುತ್ತದೆ. ಎರಡನೆಯದು ಇದ್ದುದನ್ನು ಅಳಿಸಬಹುದು. ಡಿಸ್ಕಿನಿಂದ ಟಿಕ್‌ಟಿಕ್ ಸದ್ದು ಬರುತ್ತಿದ್ದರೆ ಯಾವ ಪ್ರಯೋಗವನ್ನೂ ಮಾಡದೆ ಯಂತ್ರವನ್ನು ಆರಿಸಿ, ದತ್ತಾಂಶ ಮರಳಿ ಪಡೆಯಬಲ್ಲ ತಜ್ಞರಿಗೆ ಒಪ್ಪಿಸುವುದು ಸೂಕ್ತ.

ಮೂರನೆಯ ಹೆಜ್ಜೆ ಕಾರಣದ ಶೋಧ. ಮೇಲಿನ ಪರೀಕ್ಷೆಗಳೇ ದಾರಿ ತೋರಿಸುತ್ತವೆ. ಸೇಫ್ ಮೋಡ್‌ನಲ್ಲಿ ಅರ್ಧ ಗಂಟೆ ಸರಾಗವಾಗಿ ನಡೆದ ಯಂತ್ರ ಸಾಮಾನ್ಯ ಸ್ಥಿತಿಯಲ್ಲಿ ನಿಂತರೆ ದೋಷವು ಬಹುಮಟ್ಟಿಗೆ ತಂತ್ರಾಂಶದಲ್ಲಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಸ್ಟಾರ್ಟ್‌ಅಪ್ ವಿಭಾಗದಲ್ಲಿ ಯಂತ್ರದೊಡನೆ ತಾವಾಗಿಯೇ ಆರಂಭವಾಗುವ ತಂತ್ರಾಂಶಗಳ ಪಟ್ಟಿ ಇದೆ. ಅವುಗಳಲ್ಲಿ ಅರ್ಧವನ್ನು ನಿಷ್ಕ್ರಿಯಗೊಳಿಸಿ ಮರಳಿ ಆರಂಭಿಸಿ. ತೊಂದರೆ ನಿಂತರೆ ದೋಷಿ ಆ ಅರ್ಧದಲ್ಲಿದೆ. ನಿಲ್ಲದಿದ್ದರೆ ಉಳಿದರ್ಧವನ್ನು ಶಂಕಿಸಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 16 ತಂತ್ರಾಂಶಗಳ ನಡುವೆ ಇರುವ ಒಬ್ಬ ದೋಷಿ 4 ಪರೀಕ್ಷೆಗಳಲ್ಲಿ ಸಿಕ್ಕಿಬೀಳುತ್ತಾನೆ. ಎರಡು ವೈರಸ್ ನಿರೋಧಕಗಳು ಒಟ್ಟಿಗೆ ಇದ್ದರೆ ಒಂದನ್ನು ತೆಗೆದುಹಾಕಿ. ಸಿ ಡ್ರೈವ್‌ನಲ್ಲಿ ಖಾಲಿ ಜಾಗ ಉಳಿದಿದೆಯೇ ಎಂಬುದನ್ನೂ ನೋಡಿ.

ಸೇಫ್ ಮೋಡ್ ನಿಂತು, ಉಬುಂಟು ಚೆನ್ನಾಗಿ ನಡೆದರೆ ಡಿಸ್ಕ್ ಅಥವಾ ವಿಂಡೋಸ್ ಶಂಕಾಸ್ಪದ. ಉಬುಂಟು ಕೂಡ ನಿಂತರೆ ಶಾಖ, ಸ್ಮೃತಿ, ವಿದ್ಯುತ್ ಪೂರೈಕೆಗಳನ್ನು ಪರೀಕ್ಷಿಸಬೇಕು. ಡಿಸ್ಕ್ ದುರ್ಬಲವಾಗಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಬಳಕೆ ಬಹಳ ಹೊತ್ತು ಶೇಕಡಾ 100ರಲ್ಲಿ ನಿಂತಿದ್ದರೂ ವರ್ಗಾವಣೆಯ ವೇಗ ಅತ್ಯಲ್ಪವಾಗಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯವನ್ನು ತಿಳಿಸುತ್ತದೆ. ಬಿಸಿಯಾದ ಯಂತ್ರ ಬೇಗ ನಿಂತು, ಒಂದು ಗಂಟೆ ತಣಿದ ಬಳಿಕ ಹೆಚ್ಚು ಹೊತ್ತು ನಡೆದರೆ ಶಾಖವೇ ಕಾರಣವಾಗಿರಬಹುದು. ಫ್ಯಾನ್‌ನಲ್ಲಿ ಕಟ್ಟಿಕೊಂಡ ಧೂಳನ್ನು, ವಿದ್ಯುತ್ ಸಂಪರ್ಕ ಕಡಿದ ಮೇಲೆ, ತೆಗೆಯಬೇಕು. ಸ್ಮೃತಿಯ ಪರೀಕ್ಷೆಗೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಸಾಧನ ವಿಂಡೋಸ್‌ನಲ್ಲಿಯೇ ಇದೆ. ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಸಂಪರ್ಕ ಕಡಿದರೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಈ ಎಲ್ಲ ಪರೀಕ್ಷೆಗಳಲ್ಲಿ ಒಂದೇ ನಿಯಮ: ಒಮ್ಮೆಗೆ ಒಂದೇ ಬದಲಾವಣೆ. ತರಗತಿಯಲ್ಲಿ ಓದಲು ತಡವರಿಸುವ ಮಗುವಿಗೆ ಅಕ್ಷರ ತೊಡಕೋ, ಒತ್ತಕ್ಷರ ತೊಡಕೋ, ದೃಷ್ಟಿಯೇ ಮಂದವೋ ಎಂದು ನಾವು ಬಿಡಿಸಿ ನೋಡುವ ಕ್ರಮವೇ ಇಲ್ಲಿಯೂ ಸಲ್ಲುತ್ತದೆ.

ಇಷ್ಟಾದ ಮೇಲೆ ಅಂಗಡಿಗೆ ಹೋಗಬೇಕಾದರೂ ಬರಿಗೈಯಲ್ಲಿ ಹೋಗುವುದಿಲ್ಲ. ಟಿಪ್ಪಣಿಯನ್ನು ತೋರಿಸಿ, ‘ಅನುಮತಿಯಿಲ್ಲದೆ ಅಳಿಸಬೇಡಿ’ ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಕೊನೆಗೆ ವಿಂಡೋಸ್ ಮರುಸ್ಥಾಪಿಸಬೇಕಾದರೆ ‘ಕೀಪ್ ಮೈ ಫೈಲ್ಸ್’ ಎಂಬ ಆಯ್ಕೆಯಿದೆ. ಅದು ನಿಮ್ಮ ಕಡತಗಳನ್ನು ಉಳಿಸಿದರೂ ನೀವು ಹಾಕಿಕೊಂಡ ತಂತ್ರಾಂಶಗಳನ್ನು ತೆಗೆದುಹಾಕುತ್ತದೆ ಎಂಬುದು ನೆನಪಿರಲಿ.

ಯಂತ್ರ ಸರಿಹೋದ ದಿನವೇ ಎರಡು ಕೆಲಸಗಳನ್ನು ಕೈಗೊಳ್ಳಿ. ಮುಖ್ಯ ಕಡತಗಳ ಪ್ರತಿಗಳು ಎರಡು ಬೇರೆ ಬೇರೆ ಕಡೆ ಇರಲಿ. ಒಂದು ಮನೆಯ ಹೊರಗಿರಲಿ. ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ತನ್ನಿ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಹಾಗೆ ಪರಿವರ್ತಿಸಿದ ಪಾಠವನ್ನು ಮೊಬೈಲ್‌ನಲ್ಲಿಯೂ ಲಿನಕ್ಸ್‌ನಲ್ಲಿಯೂ ಓದಬಹುದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಯಂತ್ರವುಳ್ಳವರಿಗೆ ಈ ಸಿದ್ಧತೆ ಇನ್ನೂ ಅವಶ್ಯಕ.

ಯಂತ್ರವನ್ನು ಹಣ ಕೊಟ್ಟು ಮತ್ತೆ ಕೊಳ್ಳಬಹುದು. ನಿಮ್ಮ ಊರಿನ ಮಕ್ಕಳಿಗಾಗಿ ನೀವೇ ಸಿದ್ಧಪಡಿಸಿದ ಪಾಠ ಬೇರೆಲ್ಲಿಯೂ ದೊರೆಯದು. ಈ ವಾರವೇ ಅದರ ಒಂದು ಪ್ರತಿಯನ್ನು ತೆಗೆದಿರಿಸಿ ಎಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.