ಪ್ರಾಯಕ್ಕೆ ಬಂದ ಜಗತ್ತು, ಅಗ್ಗವಾಗದ ಭಕ್ತಿ

ಇಂಗ್ಲಿಷಿನ ‘ಸೆಕ್ಯುಲರ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಜಾತ್ಯತೀತ, ಧರ್ಮನಿರಪೇಕ್ಷ, ಲೌಕಿಕ ಎಂಬ ಮೂರು ಶಬ್ದಗಳು ಬಳಕೆಯಲ್ಲಿವೆ. ಮೂರರ ಅರ್ಥವೂ ಒಂದೇ ಅಲ್ಲ. 1976ರ 42ನೇ ತಿದ್ದುಪಡಿಯಿಂದ ಭಾರತದ ಸಂವಿಧಾನದ ಪೀಠಿಕೆಗೆ ಸೇರಿದ ಈ ಶಬ್ದ ಮುಖ್ಯವಾಗಿ ಸರ್ಕಾರಕ್ಕೆ ಸಂಬಂಧಿಸಿದ್ದು. ಆಳುವವರು ಯಾವ ಮತದ ಪಕ್ಷವನ್ನೂ ವಹಿಸಬಾರದು ಎಂಬುದು ಅದರ ತಾತ್ಪರ್ಯ. ಯುರೋಪಿನಲ್ಲಿ ಅದು ಇನ್ನೊಂದು ಅನುಭವವನ್ನೂ ಸೂಚಿಸುತ್ತದೆ. ಅಲ್ಲಿ ಸರ್ಕಾರವಷ್ಟೇ ಅಲ್ಲ, ಮನುಷ್ಯನ ದಿನಚರಿಯೇ ದೇವರ ಹೆಸರೆತ್ತದೆ ಸಾಗತೊಡಗಿತು. ರೋಗ ಬಂದರೆ ವೈದ್ಯ, ವ್ಯಾಜ್ಯ ಬಂದರೆ ನ್ಯಾಯಾಲಯ, ಸಿಡಿಲು ಬಡಿದರೆ ಭೌತವಿಜ್ಞಾನದ ವಿವರಣೆ. ಹಾಗಾದರೆ ದೇವರಿಗೆ ಉಳಿದ ಜಾಗ ಯಾವುದು? ಇಂಥ ಸಮಾಜದಲ್ಲಿ ಕ್ರಿಸ್ತನನ್ನು ನಂಬಿದವನು ಬದುಕುವ ಬಗೆ ಯಾವುದು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಕೆಟ್ಟುಹೋದ ಜಗತ್ತಿನಿಂದ ದೂರವಿದ್ದು, ಚರ್ಚಿನ ಕಾಂಪೌಂಡಿನೊಳಗೆ ನಂಬಿಕೆಯನ್ನು ಕಾಪಾಡಿಕೊಳ್ಳಬೇಕು ಎಂಬುದು ಒಂದು. ಕಾಲ ಬದಲಾಗಿದೆ, ಜಗತ್ತು ಒಪ್ಪುವಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಬಿಡಬೇಕು ಎಂಬುದು ಇನ್ನೊಂದು. ಎರಡನ್ನೂ ನಿರಾಕರಿಸಿ ಮೂರನೆಯ ದಾರಿ ಹುಡುಕಿದವರು ಜರ್ಮನಿಯ ಧರ್ಮಶಾಸ್ತ್ರಜ್ಞ ಡೀಟ್ರಿಕ್ ಬೊನ್‌ಹೋಫರ್. ಆ ಹುಡುಕಾಟಕ್ಕೆ ಅವರು ತೆತ್ತ ಬೆಲೆ ತಮ್ಮ ಪ್ರಾಣ.

ಬೊನ್‌ಹೋಫರ್ ಹುಟ್ಟಿದ್ದು 1906ರಲ್ಲಿ, ಬ್ರೆಸ್ಲಾವ್ ನಗರದಲ್ಲಿ. ತಂದೆ ಹೆಸರಾಂತ ಮನೋವೈದ್ಯ. ವಿಜ್ಞಾನ, ಸಂಗೀತ, ಕಾನೂನುಗಳ ಮಾತು ತುಂಬಿದ್ದ ಮನೆ ಅದು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮನೆಯಲ್ಲ. ಲೌಕಿಕ ಸಂಸ್ಕೃತಿ ಎಂಬುದು ಅವರಿಗೆ ಹೊರಗಿನ ಶತ್ರುವಾಗಿರಲಿಲ್ಲ, ತಾವು ಊಟಮಾಡಿ ಬೆಳೆದ ಮನೆಯೇ ಆಗಿತ್ತು. 21ನೆಯ ವಯಸ್ಸಿಗೆ ಡಾಕ್ಟರೇಟ್ ಪಡೆದರು. 1930ರಲ್ಲಿ ನ್ಯೂಯಾರ್ಕಿಗೆ ಓದಲು ಹೋದಾಗ ಹಾರ್ಲೆಮ್‌ನ ಕಪ್ಪುಜನರ ಚರ್ಚಿನಲ್ಲಿ ದುಡಿದರು. ತುಳಿತಕ್ಕೊಳಗಾದವರ ಕಡೆಯಿಂದ ಸುವಾರ್ತೆ ಹೇಗೆ ಕೇಳಿಸುತ್ತದೆಂಬುದನ್ನು ಕಲಿತದ್ದು ಅಲ್ಲಿ.

1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ. ಎರಡೇ ದಿನಗಳ ನಂತರ ಬರ್ಲಿನ್ ರೇಡಿಯೊದಲ್ಲಿ ಮಾತನಾಡಿದ ಬೊನ್‌ಹೋಫರ್, ತನ್ನನ್ನೇ ವಿಗ್ರಹವಾಗಿಸಿಕೊಳ್ಳುವ ನಾಯಕ ಜನರ ದಾರಿ ತಪ್ಪಿಸುತ್ತಾನೆಂದು ಎಚ್ಚರಿಸಿದರು. ಮಾತು ಮುಗಿಯುವ ಮುನ್ನವೇ ಪ್ರಸಾರ ನಿಂತಿತು.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಆಗಿನ ಜರ್ಮನಿ ನಾಸ್ತಿಕ ದೇಶವಾಗಿರಲಿಲ್ಲ. ಸುಮಾರು 4 ಕೋಟಿ ಪ್ರಾಟೆಸ್ಟೆಂಟರೂ 2 ಕೋಟಿ ಕೆಥೋಲಿಕರೂ ಇದ್ದ ದೇಶ ಅದು. ಯಹೂದಿ ಮೂಲದವರನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು 1933ರ ಏಪ್ರಿಲ್‌ನಲ್ಲಿ ಬಂದಾಗ, ಅದೇ ನಿಯಮ ಪಾದ್ರಿಗಳಿಗೂ ಅನ್ವಯಿಸಲಿ ಎಂದು ಹೊರಟವರು ‘ಜರ್ಮನ್ ಕ್ರೈಸ್ತರು’ ಎಂಬ ಹೆಸರಿನ ಗುಂಪಿನವರೇ. ಇದನ್ನು ವಿರೋಧಿಸಿದವರು 1934ರಲ್ಲಿ ಬಾರ್ಮೆನ್ ಘೋಷಣೆ ಹೊರಡಿಸಿದರು. ಸಭೆಗೆ ಕ್ರಿಸ್ತನೊಬ್ಬನೇ ಒಡೆಯ ಎಂದು ಸಾರಿದರು. ಆ ದಿಟ್ಟ ಘೋಷಣೆಯಲ್ಲಿಯೂ ಯಹೂದಿಗಳ ಸಂಕಟದ ಮಾತು ಇರಲಿಲ್ಲ. ಬೊನ್‌ಹೋಫರ್ ಹಿಂದಿನ ವರ್ಷವೇ ಅದನ್ನು ಎತ್ತಿದ್ದರು. ಸರ್ಕಾರವನ್ನು ಪ್ರಶ್ನಿಸುವುದು ಸಭೆಯ ಮೊದಲ ಕರ್ತವ್ಯ, ಚಕ್ರಕ್ಕೆ ಸಿಲುಕಿದವರಿಗೆ ನೆರವಾಗುವುದು ಎರಡನೆಯದು, ಅಗತ್ಯ ಬಿದ್ದರೆ ಚಕ್ರವನ್ನೇ ತಡೆಯುವುದು ಮೂರನೆಯದು ಎಂಬುದು ಅವರ ನಿಲುವು.

ಸಭೆ ಸೋತದ್ದೇಕೆ? 1937ರಲ್ಲಿ ಪ್ರಕಟವಾದ, ಕ್ರಿಸ್ತನ ಶಿಷ್ಯತ್ವವನ್ನು ಕುರಿತ ಗ್ರಂಥದಲ್ಲಿ ಅವರು ಕೊಟ್ಟ ಕಾರಣ ‘ಅಗ್ಗದ ಕೃಪೆ’. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳಿಗೆ ಚರ್ಚು ಬೇಕು, ಪಾಪಕ್ಷಮೆಯೂ ಬೇಕು. ಬದುಕು ಮಾತ್ರ ಬದಲಾಗಬೇಕಿಲ್ಲ. ಅಂಥ ನಂಬಿಕೆಗೆ ಜಗತ್ತಿನೊಡನೆ ಜಗಳವೇ ಇರುವುದಿಲ್ಲ. ನಂಬಿಕೆಯನ್ನು ಟೊಳ್ಳಾಗಿಸಿದ್ದು ಹೊರಗಿನ ಲೌಕಿಕತೆಯಲ್ಲ, ಒಳಗಿನ ಈ ಸೋವಿತನ ಎಂಬುದು ಅವರ ಆರೋಪ. ಪರ್ವತ ಪ್ರಸಂಗವನ್ನು ಅಕ್ಷರಶಃ ಬಾಳುವುದು ಹೇಗೆಂದು ತಿಳಿಯಲು ಅವರು ಗಾಂಧೀಜಿಯವರ ಆಶ್ರಮಕ್ಕೆ ಬರಲು ಹಂಬಲಿಸಿದ್ದರು. 1934ರ ನವೆಂಬರ್‌ನಲ್ಲಿ ಗಾಂಧೀಜಿ ಪತ್ರ ಬರೆದು ಆಹ್ವಾನಿಸಿಯೂ ಇದ್ದರು. ಪ್ರಯಾಣ ಕೈಗೂಡಲಿಲ್ಲ, ಪಾದ್ರಿಗಳನ್ನು ತರಬೇತುಗೊಳಿಸುವ ಗುಪ್ತ ಶಾಲೆಯ ಹೊಣೆ ಅವರ ಹೆಗಲೇರಿತು. ಫಿಂಕೆನ್‌ವಾಲ್ಡೆಯಲ್ಲಿದ್ದ ಆ ಶಾಲೆಯನ್ನು 1937ರಲ್ಲಿ ಗೆಸ್ಟಾಪೊ ಪೊಲೀಸರು ಮುಚ್ಚಿಸಿದರು.

1939ರ ಜೂನ್‌ನಲ್ಲಿ ಅಮೆರಿಕದ ಮಿತ್ರರು ಅವರನ್ನು ಸುರಕ್ಷಿತವಾಗಿ ನ್ಯೂಯಾರ್ಕಿಗೆ ಕರೆಸಿಕೊಂಡರು. ತಿಂಗಳು ತುಂಬುವ ಮೊದಲೇ ಅವರು ಮರಳಿ ಹೊರಟರು. ಕಷ್ಟಕಾಲದಲ್ಲಿ ಸ್ವದೇಶೀಯರ ಜೊತೆಗಿರದವನಿಗೆ ಯುದ್ಧಾನಂತರ ಅವರ ಬಾಳನ್ನು ಕಟ್ಟುವ ಹಕ್ಕಿಲ್ಲವೆಂಬುದು ಅವರ ತೀರ್ಮಾನ. ಸೋದರಿಯ ಪತಿ ಹಾನ್ಸ್ ಫಾನ್ ಡೋನಾನಿಯ ಮೂಲಕ ಸೇನಾ ಗುಪ್ತಚರ ಇಲಾಖೆಯೊಳಗಿದ್ದ ಹಿಟ್ಲರ್‌ವಿರೋಧಿ ಕೂಟ ಸೇರಿದರು. ಆ ಕೂಟ 14 ಮಂದಿಯನ್ನು ಸ್ವಿಟ್ಜರ್‌ಲೆಂಡಿಗೆ ದಾಟಿಸಿತು. ಅವರಲ್ಲಿ ಹೆಚ್ಚಿನವರು ಯಹೂದಿ ಮೂಲದವರು. ಹಿಟ್ಲರನನ್ನು ಕೊಲ್ಲುವ ಸಂಚೂ ಅಲ್ಲೇ ರೂಪುಗೊಂಡಿತು. ಅಹಿಂಸೆ ಕಲಿಯಲು ಹೊರಟಿದ್ದ ಪಾದ್ರಿ ಕೊಲೆಯ ಸಂಚಿಗೆ ಒಪ್ಪಿದ್ದು ಸರಿಯೇ? ಬೊನ್‌ಹೋಫರ್ ಅದನ್ನು ಪುಣ್ಯಕಾರ್ಯವೆಂದು ಸಮರ್ಥಿಸಿಕೊಳ್ಳಲಿಲ್ಲ. ಕೈ ಶುದ್ಧವಾಗಿರಲೆಂದು ನೆರೆಯವನ ಸಾವನ್ನು ನೋಡುತ್ತ ನಿಲ್ಲುವುದೂ ಪಾಪವೇ. ಹೊಣೆ ಹೊರುವವನು ಅಪರಾಧವನ್ನೂ ಹೊತ್ತು ದೇವರ ಕರುಣೆಯನ್ನು ಕಾಯಬೇಕು ಎಂದರು. ಈ ನಿಲುವಿನ ಬಗ್ಗೆ ವಾದ ಮುಂದುವರಿಯುತ್ತಲೇ ಇದೆ.

1943ರ ಏಪ್ರಿಲ್ 5ರಂದು ಅವರ ಬಂಧನವಾಯಿತು. ಬರ್ಲಿನ್ನಿನ ಟೆಗೆಲ್ ಸೆರೆಮನೆಯಿಂದ, ಸಹೃದಯಿ ಕಾವಲುಗಾರರ ಕೈಯಲ್ಲಿ ಗುಟ್ಟಾಗಿ ಗೆಳೆಯ ಎಬರ್‌ಹಾರ್ಡ್ ಬೆಟ್ಗೆಗೆ ಕಳುಹಿಸಿದ ಪತ್ರಗಳಲ್ಲಿ ಅವರ ಮುಖ್ಯ ಚಿಂತನೆ ಅಡಗಿದೆ. 1944ರ ಮೇ ತಿಂಗಳಲ್ಲಿ ವೈಟ್ಸೆಕರ್ ಎಂಬ ವಿಜ್ಞಾನಿಯ ಭೌತವಿಜ್ಞಾನದ ಪುಸ್ತಕ ಓದುತ್ತ ಅವರಿಗೆ ಒಂದು ವಿಷಯ ಹೊಳೆಯಿತು. ಮನುಷ್ಯನಿಗೆ ತಿಳಿಯದ ಕಡೆಗಳಲ್ಲಿ ದೇವರನ್ನು ತೇಪೆಯಾಗಿ ಹಚ್ಚುವುದು ಸಲ್ಲದು. ತಿಳಿವಳಿಕೆ ಬೆಳೆದಂತೆ ಅಂಥ ದೇವರು ಹಿಂದೆ ಸರಿಯಲೇಬೇಕಾಗುತ್ತದೆ. ಜಗತ್ತು ಪ್ರಾಯಕ್ಕೆ ಬಂದಿದೆ. ಅದನ್ನು ಮತ್ತೆ ಮಗುವಾಗಿಸಿ, ಹೆದರಿಸಿ ಚರ್ಚಿಗೆ ಎಳೆದು ತರುವ ಯತ್ನ ಅರ್ಥಹೀನ ಮಾತ್ರವಲ್ಲ, ನೀಚವೂ ಹೌದು. ರೋಗಶಯ್ಯೆಯಲ್ಲಿ, ಸಾವಿನಂಚಿನಲ್ಲಿ ಮಾತ್ರವಲ್ಲದೆ ದುಡಿಮೆಯ, ಆರೋಗ್ಯದ, ಸಂತೋಷದ ನಡುವೆ ದೇವರು ಸಿಗಬೇಕು. ಆ ದೇವರು ಮೇಲಿನಿಂದ ಗದರುವವನಲ್ಲ, ಶಿಲುಬೆಯಲ್ಲಿ ನರಳುವವನು. ಅವನ ನರಳಿಕೆಯಲ್ಲಿ ಪಾಲುಗೊಳ್ಳುವುದೇ ಕ್ರೈಸ್ತನ ಬಾಳು.

ಇದನ್ನು ಅವರು ‘ಮತಾಚಾರವಿಲ್ಲದ ಕ್ರೈಸ್ತತ್ವ’ ಎಂದು ಕರೆದರು. ಬಹಳ ತಪ್ಪಾಗಿ ಅರ್ಥೈಸಲಾದ ಮಾತು ಇದು. ಪ್ರಾರ್ಥನೆ ಬೇಡ, ಚರ್ಚು ಬೇಡ ಎಂಬ ಅರ್ಥ ಅದಕ್ಕಿಲ್ಲ. ಸೆರೆಯಲ್ಲಿಯೂ ಅವರು ದಿನವೂ ಕೀರ್ತನೆಗಳನ್ನು ಓದುತ್ತಿದ್ದರು. ಬೆಟ್ಗೆಯ ಮಗುವಿನ ದೀಕ್ಷಾಸ್ನಾನಕ್ಕೆ ಬರೆದ ಬರಹದಲ್ಲಿ ಕ್ರೈಸ್ತನಿಗೆ ಉಳಿದಿರುವುದು ಎರಡೇ ಎಂದರು: ಪ್ರಾರ್ಥನೆ ಮತ್ತು ಜನರ ನಡುವೆ ನ್ಯಾಯದ ನಡೆ. ಮೊದಲನೆಯದು ಬೀದಿಯ ಪ್ರದರ್ಶನವಾಗಬಾರದು, ಎರಡನೆಯದು ಮನೆಯೊಳಗೆ ಅಡಗಬಾರದು. ಇತರರಿಗಾಗಿ ಇದ್ದಾಗಲೇ ಸಭೆ ಸಭೆಯೆನಿಸುತ್ತದೆ. ಅದು ತನ್ನ ಆಸ್ತಿಯನ್ನೆಲ್ಲ ಬಡವರಿಗೆ ಕೊಡಲಿ, ಪಾದ್ರಿಗಳು ಜನ ತಾವಾಗಿ ಕೊಟ್ಟದ್ದರಿಂದಲೋ ಬೇರೆ ಉದ್ಯೋಗದಿಂದಲೋ ಜೀವಿಸಲಿ ಎಂದೂ ಸೂಚಿಸಿದರು. ಈ ಸಲಹೆಯನ್ನು ಪೂರ್ತಿಯಾಗಿ ಪಾಲಿಸಿದ ಸಭೆಗಳು ವಿರಳ.

1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಎರಡು ವಾರಗಳಲ್ಲಿ ಅಮೆರಿಕದ ಸೇನೆ ಆ ಶಿಬಿರವನ್ನು ಬಿಡುಗಡೆಗೊಳಿಸಿತು. 39 ವರ್ಷದ ಬದುಕು. ಪತ್ರಗಳು 1951ರಲ್ಲಿ ಪುಸ್ತಕವಾಗಿ ಬಂದವು.

ಭಾರತದ ಕ್ರೈಸ್ತರ ಪರಿಸ್ಥಿತಿ ಬೇರೆ. ಇಲ್ಲಿ ಅವರು ಅಲ್ಪಸಂಖ್ಯಾತರು. ಸುತ್ತಲಿನ ಸಮಾಜ ದೇವರನ್ನು ಮರೆತದ್ದೂ ಅಲ್ಲ. ಆದರೂ ಇಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆಂದು 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕ್ರೈಸ್ತ ಸಂಸ್ಥೆಯಲ್ಲಿ ಪಿ. ಡಿ. ದೇವನಂದನ್ ಮತ್ತು ಅವರ ನಂತರ ಎಂ. ಎಂ. ಥಾಮಸ್, ಸ್ವಂತ ಸಮುದಾಯದ ಹಿತರಕ್ಷಣೆಗಷ್ಟೇ ನಿಲ್ಲದೆ ಎಲ್ಲರೊಡನೆ ರಾಷ್ಟ್ರ ಕಟ್ಟುವುದೂ ನಂಬಿಕೆಯ ಕೆಲಸವೆಂದು ವಾದಿಸಿದರು. 1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಥಾಮಸ್ ಅದನ್ನು ಬಹಿರಂಗವಾಗಿ ಟೀಕಿಸಿದರು.

ಜಗತ್ತು ನಂಬಿಕೆಯನ್ನು ಕೆಡಿಸುತ್ತದೆಂಬ ದೂರು ಹಳೆಯದು. ಬೊನ್‌ಹೋಫರ್ ಆ ದೂರನ್ನು ತಿರುಗಿಸಿ ಭಕ್ತನ ಮುಂದೆಯೇ ಇಟ್ಟರು. ಜಗತ್ತಿನಲ್ಲಿ ದೇವರಿಗೆ ಜಾಗವೆಷ್ಟು ಎಂದು ಕೇಳುವುದಕ್ಕೆ ಮೊದಲು, ಭಕ್ತನ ಬದುಕಿನಲ್ಲಿ ನೆರೆಯವನಿಗೆ ಜಾಗವೆಷ್ಟು ಎಂದು ಕೇಳಬೇಕು. ಈ ಪ್ರಶ್ನೆ ಕ್ರೈಸ್ತರಿಗೆ ಮಾತ್ರ ಸೀಮಿತವಾದುದಲ್ಲ.